ಹೋಲ್ಡರ್ ಬದಲಿಸುವ ಕೈಗಳಿಗೂ ಯಾರಾದರೂ ಹೇಳಿಕೊಡಬೇಕು

ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಗಳಿಗೆ, ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗಗಳ ಎಂಜಿನಿಯರುಗಳಿಗೆ ಹಾಗೂ ಕೋಲಾರ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಅಭಿವೃದ್ಧಿ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಈಗ ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನಲ್ಲಿ ನೆಲೆಸಿದ್ದೇನೆ. ಮನೆಯೊಳಗಿನ ಸಣ್ಣಪುಟ್ಟ ಕರೆಂಟು ಕೆಲಸವನ್ನು ನಮ್ಮ ಜನ ತಾವೇ ಮಾಡಿಕೊಳ್ಳುತ್ತಿದ್ದಾರೆ, ಮುಂದೆಯೂ ಮಾಡಿಕೊಳ್ಳುತ್ತಾರೆ. ಆದ್ದರಿಂದ ‘ಮುಟ್ಟಬೇಡಿ, ಅಪಾಯ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಬದಲು, ಯಾವುದನ್ನು ಮುಟ್ಟಬಹುದು, ಮುಟ್ಟುವ ಮೊದಲು ಏನನ್ನು ನೋಡಿಕೊಳ್ಳಬೇಕು, ಯಾವುದನ್ನು ಯಾವ ಕಾರಣಕ್ಕೂ ಮುಟ್ಟಬಾರದು ಎಂಬುದನ್ನು ಕನ್ನಡದಲ್ಲಿ, ಊರಿನ ಅಂಗಳಕ್ಕೇ ಬಂದು ಹೇಳಿಕೊಡಬೇಕೆಂದು ತಮ್ಮಲ್ಲಿ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಬರೆಯಲು ನನ್ನನ್ನು ಹಚ್ಚಿದ್ದು ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಡೆದ ಸಂಗತಿ. ಆ ಮನೆಯ ಹುಡುಗ ಡಿಗ್ರಿ ಓದುತ್ತಾನೆ, ಚುರುಕಿನವನು. ನಡುಮನೆಯ ಬಲ್ಬಿನ ಹೋಲ್ಡರ್ ಕರಗಿಹೋಗಿದ್ದರಿಂದ ಅಂಗಡಿಯಿಂದ ಹೊಸದನ್ನು ತಂದು, ಸ್ವಿಚ್ಚು ಆಫ್ ಮಾಡಿ, ಕಬ್ಬಿಣದ ಸ್ಟೂಲಿನ ಮೇಲೆ ನಿಂತು ಹಳೆಯದನ್ನು ಬಿಚ್ಚತೊಡಗಿದ್ದಾನೆ. ಸ್ಕ್ರೂಡ್ರೈವರ್ ಒಳಗಿನ ತಾಮ್ರಕ್ಕೆ ತಾಗಿದ್ದೇ ತಡ, ಕರೆಂಟು ಹೊಡೆದು ಸ್ಟೂಲಿನಿಂದ ಕೆಳಗೆ ಬಿದ್ದ. ಮೊಣಕೈ ಮುರಿಯಿತು, ಜೀವ ಉಳಿಯಿತು. ‘ಸ್ವಿಚ್ಚು ಆಫ್ ಮಾಡಿದ್ದೆ ಸಾರ್’ ಎಂದು ಅವನು ಆಸ್ಪತ್ರೆಯಲ್ಲಿ ನನಗೆ ಮತ್ತೆ ಮತ್ತೆ ಹೇಳಿದ. ಅವನ ಮಾತು ನಿಜವೇ ಆಗಿತ್ತು. ಮರುದಿನ ನಾನು ಮೈನ್ ಆಫ್ ಮಾಡಿ ಸ್ವಿಚ್ ಬೋರ್ಡನ್ನು ಬಿಚ್ಚಿ ನೋಡಿದಾಗ ಸ್ವಿಚ್ಚಿಗೆ ಬಂದಿದ್ದದ್ದು ಕಪ್ಪು ತಂತಿ. ಮನೆ ಕಟ್ಟುವಾಗ ವೈರಿಂಗ್ ಮಾಡಿದವರು ಕರೆಂಟು ತರುವ ಫೇಸ್ ತಂತಿಯನ್ನು ನೇರವಾಗಿ ಹೋಲ್ಡರಿಗೆ ಕೊಟ್ಟು, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿಗೆ, ಅಂದರೆ ಆ ಕಪ್ಪು ತಂತಿಗೆ, ಸ್ವಿಚ್ಚು ಹಾಕಿದ್ದರು. ಹಾಗೆ ಮಾಡಿದರೂ ಸ್ವಿಚ್ಚು ಒತ್ತಿದರೆ ದೀಪ ಆರುತ್ತದೆ, ಒತ್ತಿದರೆ ಹತ್ತುತ್ತದೆ. ಮನೆಯವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ದೀಪ ಆರಿದ್ದಾಗಲೂ ಹೋಲ್ಡರಿನಲ್ಲಿ 230 ವೋಲ್ಟು ಕಾದು ಕುಳಿತಿರುತ್ತದೆ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಆ ಹುಡುಗ ಮಾಡಿದ ಕೆಲಸ ನಿಯಮಬಾಹಿರವೇನಲ್ಲ. ಗ್ರಾಹಕರ ಜಾಗದಲ್ಲಿ ಹೊಸ ವೈರಿಂಗ್, ಬದಲಾವಣೆ, ವಿಸ್ತರಣೆ, ದುರಸ್ತಿ ಏನೇ ಇದ್ದರೂ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರವಿರುವವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಹೊಂದಿದವರ ಕೈಯಿಂದಲೇ ಆಗಬೇಕು ಎಂದು ವಿದ್ಯುತ್ ಸುರಕ್ಷತಾ ನಿಯಮಗಳು ಹೇಳುತ್ತವೆ. ಆದರೆ ಅದೇ ವಾಕ್ಯದ ನಡುವೆ ಒಂದು ವಿನಾಯಿತಿಯೂ ಇದೆ: ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟು ಮೀರದ ಗೃಹೋಪಯೋಗಿ ಉಪಕರಣ ಮತ್ತು ಫಿಟಿಂಗುಗಳನ್ನು, ಇರುವ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದ ಹಾಗೆ ಬದಲಿಸುವುದಕ್ಕೆ ಈ ಕಟ್ಟುಪಾಡಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ಮಾತು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಗೂ, ಅದರ ಬದಲಿಗೆ ಬಂದ 2023ರ ನಿಯಮಾವಳಿಗೂ ಬಂತು. ಅಂದರೆ ಹಾಳಾದ ಸ್ವಿಚ್ಚಿನ ಜಾಗಕ್ಕೆ ಅಂಥದೇ ಸ್ವಿಚ್ಚನ್ನು ಮನೆಯವರು ಹಾಕಿಕೊಳ್ಳಬಹುದು. ಆ ಬೋರ್ಡಿನಿಂದ ಹೊಸದಾಗಿ ತಂತಿ ಎಳೆದು ಬಚ್ಚಲುಮನೆಗೆ ಗೀಸರ್ ಪಾಯಿಂಟು ಕೊಡುವಂತಿಲ್ಲ. ಗೆರೆ ಇಷ್ಟು ಸ್ಪಷ್ಟವಾಗಿದ್ದರೂ ನಾನು ಊರಿನಲ್ಲಿ ವಿಚಾರಿಸಿದವರಲ್ಲಿ ಒಬ್ಬರಿಗೂ ಇದು ತಿಳಿದಿರಲಿಲ್ಲ. ಕೆಲವರು ಬಲ್ಬನ್ನೂ ತಾವು ಮುಟ್ಟಬಾರದೆಂದುಕೊಂಡಿದ್ದಾರೆ. ಇನ್ನು ಕೆಲವರು, ಮೀಟರಿನಿಂದ ಈಚೆಗೆ ಏನು ಮಾಡಿದರೂ ನಮ್ಮ ಇಷ್ಟ ಎಂದುಕೊಂಡಿದ್ದಾರೆ. ನನಗೆ ಹೆದರಿಕೆಯಿರುವುದು ಈ ಎರಡನೆಯವರ ಬಗ್ಗೆ.

ವಿನಾಯಿತಿ ಕೊಟ್ಟ ಮೇಲೆ ಅದನ್ನು ಬಳಸುವ ತಿಳಿವಳಿಕೆಯನ್ನೂ ಕೊಡಬೇಕಾದದ್ದು ನ್ಯಾಯ. ಅದರಲ್ಲಿ ಮೊದಲನೆಯ ಪಾಠ ಕರೆಂಟು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ಗೋಡೆಯ ಸ್ವಿಚ್ಚನ್ನು ನಂಬಬಾರದು, ಮೈನ್ ಆಫ್ ಮಾಡಬೇಕು. ಆ ಮೈನ್ ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಬಗೆಯದಾಗಿರಬೇಕು. ಆಫ್ ಮಾಡುವ ಮೊದಲೇ ಟೆಸ್ಟರನ್ನು ಪ್ಲಗ್ಗಿನ ಬಲಗಡೆಯ ತೂತಿನಲ್ಲಿಟ್ಟು ಅದು ಹೊತ್ತಿಕೊಳ್ಳುತ್ತದೆಯೇ ಎಂದು ನೋಡಬೇಕು, ಏಕೆಂದರೆ ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ‘ಕರೆಂಟಿಲ್ಲ’ ಎಂದೇ ಹೇಳುತ್ತದೆ. ಬಳಿಕ ಮೈನ್ ಆಫ್ ಮಾಡಿ, ಕೆಲಸ ಮಾಡಬೇಕಾದ ಜಾಗದ ಪ್ರತಿಯೊಂದು ತಂತಿಗೂ, ಕಪ್ಪು ತಂತಿಗೂ ಸಹ, ಟೆಸ್ಟರ್ ಹಿಡಿಯಬೇಕು. ಕೆಲಸ ಮುಗಿದು ಮೈನ್ ಹಾಕಿದ ಮೇಲೆ ಟೆಸ್ಟರ್ ಅದೇ ಪ್ಲಗ್ಗಿನಲ್ಲಿ ಮತ್ತೆ ಹೊತ್ತಿಕೊಂಡರೆ, ನಡುವೆ ಅದು ಕೈಕೊಟ್ಟಿರಲಿಲ್ಲವೆಂದು ತಿಳಿಯುತ್ತದೆ. ಈ ನಿಯಾನ್ ಟೆಸ್ಟರಿನ ಮಿತಿಯನ್ನೂ ಹೇಳಿಕೊಡಬೇಕು. ಒಣಗಿದ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತವರಿಗೆ, ಅದರಲ್ಲೂ ಹಗಲು ಬೆಳಕಿನಲ್ಲಿ, ಅದರ ಮಂಕು ಕೆಂಪು ಕಾಣಿಸದೇ ಹೋಗಬಹುದು. ನ್ಯೂಟ್ರಲ್ ಎಲ್ಲೋ ತುಂಡಾಗಿದ್ದರೆ ಪ್ಲಗ್ಗಿನ ಎರಡೂ ತೂತುಗಳಲ್ಲಿ ಅದು ಹೊತ್ತಿಕೊಳ್ಳುತ್ತದೆ. ಆಗ ‘ಎರಡು ಫೇಸ್ ಬಂದುಬಿಟ್ಟಿದೆ’ ಎಂದು ಗಾಬರಿಗೊಂಡು ಲೈನ್‌ಮನ್‌ಗೆ ಫೋನು ಮಾಡುವವರೂ ಇದ್ದಾರೆ.

ಮೈನ್ ಆಫ್ ಮಾಡಿದರೂ ತೀರದ ಇನ್ನೊಂದು ಅಪಾಯ ಈಚಿನ ವರ್ಷಗಳಲ್ಲಿ ಸೇರಿಕೊಂಡಿದೆ. ಮಕ್ಕಳ ಓದಿಗೆಂದೋ ಟಿವಿಗೆಂದೋ ಹಳ್ಳಿಯ ಮನೆಗಳೂ ಯುಪಿಎಸ್ ಇಟ್ಟುಕೊಂಡಿವೆ. ಮೈನ್ ಆಫ್ ಮಾಡಿದ ಕ್ಷಣವೇ ಆ ಪೆಟ್ಟಿಗೆ ಕರೆಂಟು ಹೋಯಿತೆಂದು ತಿಳಿದು ಬ್ಯಾಟರಿಯಿಂದ ಅದೇ ತಂತಿಗಳಿಗೆ 230 ವೋಲ್ಟನ್ನು ತುಂಬುತ್ತದೆ. ಮೈನ್ ಆಫ್ ಮಾಡಿ ನಿಶ್ಚಿಂತೆಯಿಂದ ಫ್ಯಾನಿಗೆ ಕೈಹಾಕಿದವನನ್ನು ಹೊಡೆಯುವುದು ಆಗ ಬ್ಯಾಟರಿಯ ಕರೆಂಟು. ಯುಪಿಎಸ್ಸಿನ ಸ್ವಿಚ್ಚನ್ನೂ ಆರಿಸಿ, ಅದರಿಂದ ಹೊರಡುವ ಪ್ಲಗ್ಗನ್ನೂ ಕಿತ್ತಿಡಬೇಕು ಎಂಬ ಒಂದು ಸಾಲು ಕನ್ನಡದಲ್ಲಿ ಆ ಪೆಟ್ಟಿಗೆಯ ಮೇಲೆಯೇ ಇರಬೇಕಿತ್ತು. ನಾನು ನೋಡಿದ ಯಾವ ಪೆಟ್ಟಿಗೆಯ ಮೇಲೂ ಇರಲಿಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾದ ಸಂಗತಿಯೊಂದನ್ನು ತಮ್ಮ ಗಮನಕ್ಕೆ ತರಬೇಕು. ಇಲ್ಲಿ ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿ ಬಹಳ ಕಾಲವಾಯಿತು. ನೀರು ಬತ್ತಿದ ಬೋರಿನಿಂದ ಮೋಟಾರು ಎತ್ತಿದಾಗ ಅದರ ಜೊತೆ ಬಂದ ಚಪ್ಪಟೆ ಕೇಬಲ್ಲು ರೈತರ ಮನೆಯ ಅಟ್ಟ ಸೇರುತ್ತದೆ. ಗಟ್ಟಿ ತಾಮ್ರದ ಕೇಬಲ್ಲು, ಕಾಸು ಕೊಟ್ಟು ತಂದದ್ದು, ಬಿಸಾಡಲು ಮನಸ್ಸು ಬರುವುದಿಲ್ಲ. ಅದೇ ಕೇಬಲ್ಲು ಮುಂದೆ ದನದ ಕೊಟ್ಟಿಗೆಯ ದೀಪಕ್ಕೆ, ರೇಷ್ಮೆಯ ಹುಳುಮನೆಯ ಹೀಟರಿಗೆ, ಮೇವು ಕತ್ತರಿಸುವ ಯಂತ್ರಕ್ಕೆ ಓಡುತ್ತದೆ. ಅದರೊಳಗಿನ ಮೂರು ತಂತಿಗಳ ಬಣ್ಣ ಕೆಂಪು, ಹಳದಿ, ನೀಲಿ. ಮೂರೂ ತ್ರೀಫೇಸ್ ಮೋಟಾರಿನ ಮೂರು ಫೇಸುಗಳಿಗೆ ಮಾಡಿದ್ದು. ಮನೆ ವೈರಿಂಗಿನಲ್ಲಿ ನಾವು ಕಲಿಸುವ ಬಣ್ಣ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ತು (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ). ಅಂಗಡಿಯಿಂದ ತರುವ ಮಿಕ್ಸಿಯ ಅಥವಾ ಇಸ್ತ್ರಿಪೆಟ್ಟಿಗೆಯ ವೈರಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರಿನ ಮೇಲೆ ಹಳದಿ ಪಟ್ಟೆಯದ್ದು ಅರ್ತು. ಈ ಮೂರು ಬಗೆಯ ಬಣ್ಣಗಳು ಒಂದೇ ಕೊಟ್ಟಿಗೆಯ ಬೋರ್ಡಿನಲ್ಲಿ ಸೇರಿದರೆ ನೀಲಿಯನ್ನು ಒಬ್ಬ ಫೇಸೆಂದೂ ಇನ್ನೊಬ್ಬ ನ್ಯೂಟ್ರಲ್ ಎಂದೂ ತಿಳಿಯುತ್ತಾನೆ. ನಮ್ಮ ಊರಿನಲ್ಲೇ ಒಂದು ಮೇವಿನ ಯಂತ್ರದ ಕಬ್ಬಿಣದ ಮೈಗೆ ಹಳದಿ ತಂತಿಯನ್ನು ಅರ್ತೆಂದು ಬಿಗಿದಿದ್ದರು. ಬೋರ್ಡಿನ ಕಡೆ ಕೈಯಾಡಿಸಿದ ಮತ್ತೊಬ್ಬರು ಅದೇ ಹಳದಿಯನ್ನು ಫೇಸಿಗೆ ಸೇರಿಸಿದ್ದರು. ಅಂದು ಯಂತ್ರದ ಹತ್ತಿರ ಹೋಗಿದ್ದು ಆ ಮನೆಯ ಸೀಮೆಹಸು. ನಾಲ್ಕು ಕಾಲುಗಳೂ ಒದ್ದೆ ನೆಲದ ಮೇಲಿರುವ ಹಸು ಮನುಷ್ಯರಿಗಿಂತ ಬೇಗ ಸಾಯುತ್ತದೆ. ಹಾಲಿನ ಡೈರಿಯ ದುಡ್ಡಿನಲ್ಲೇ ಸಂಸಾರ ಸಾಗಿಸುತ್ತಿದ್ದ ಆ ಮನೆಯಾಕೆ ಅಂದು ಕೈಚೆಲ್ಲಿ ಕೂತಿದ್ದನ್ನು ನೋಡಲಾಗಲಿಲ್ಲ. ಹಳೆಯ ಕೇಬಲ್ಲನ್ನು ಬಳಸಲೇಬೇಕೆಂದಿದ್ದರೆ ಪರ್ಮಿಟ್ ಇರುವವರಿಂದ ಹಾಕಿಸಿ, ಎರಡೂ ತುದಿಗಳಿಗೆ ಕಪ್ಪು ಮತ್ತು ಹಸಿರು ಟೇಪು ಸುತ್ತಿಸಿ ಗುರುತು ಮಾಡಿಸಬೇಕು. ಆ ಎರಡು ಟೇಪಿಗೆ ಆಗುವ ಖರ್ಚು ಒಂದು ಲೀಟರು ಹಾಲಿನ ಬೆಲೆಯ ಆಸುಪಾಸಿನಲ್ಲಿರುತ್ತದೆ.

ತಂತಿಯ ದಪ್ಪದ ವಿಷಯವನ್ನು ಬೇಗ ಮುಗಿಸುತ್ತೇನೆ, ಲೆಕ್ಕ ಸುಲಭ. ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1,500 ವ್ಯಾಟಿನ ನೀರು ಕಾಯಿಸುವ ಕಾಯಿಲ್ಲು ಆರೂವರೆ ಆಂಪಿಯರ್ ಎಳೆಯುತ್ತದೆ; ಅದನ್ನು 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ, ದೀಪಕ್ಕೆಂದು ಎಳೆದ 1 ಚದರ ಮಿಲಿಮೀಟರ್ ತಂತಿಗೆ ಚುಚ್ಚಿದರೆ ಮೊದಲು ಪ್ಲಗ್ಗಿನ ಸುತ್ತ ಕಂದು ಬಣ್ಣ ಬರುತ್ತದೆ, ಆಮೇಲೆ ವಾಸನೆ. 16 ಆಂಪಿಯರಿನ ದೊಡ್ಡ ಪ್ಲಗ್ಗು, ಅದಕ್ಕೆ 2.5 ಚದರ ಮಿಲಿಮೀಟರ್ ತಂತಿ ಇರಬೇಕು. ತಂತಿಯ ಮೇಲೆ ಐಎಸ್‌ಐ ಗುರುತು, ಅದರೊಡನೆ ಪರವಾನಗಿ ಸಂಖ್ಯೆ ಅಚ್ಚಾಗಿರಬೇಕು. ಆ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು.

ಫ್ಯೂಸಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕಾಗುತ್ತದೆ. ಹೆಂಚಿನ ಮನೆಗಳಲ್ಲಿ ಇನ್ನೂ ಬಿಳಿ ಪಿಂಗಾಣಿಯ ಫ್ಯೂಸುಗಳೇ ಇವೆ. ಫ್ಯೂಸು ಹೋದಾಗ ಮನೆಯವರು ಕೈಗೆ ಸಿಕ್ಕಿದ ತಂತಿಯ ಒಂದು ಎಳೆಯನ್ನು ಕಿತ್ತು ಕಟ್ಟುತ್ತಾರೆ; ಅದೂ ಹೋದರೆ ಎರಡೆಳೆ, ಮೂರೆಳೆ. ಟೊಮೇಟೊ ಗಿಡಕ್ಕೆ ಆಸರೆ ಕಟ್ಟುವ ಬೈಂಡಿಂಗ್ ತಂತಿಯನ್ನೇ ಕಟ್ಟಿದ್ದನ್ನೂ ನಾನು ಕಂಡಿದ್ದೇನೆ. ಮನೆಯ ಯಜಮಾನರು ಹೆಮ್ಮೆಯಿಂದಲೇ ತೋರಿಸಿದರು: ‘ಇದು ಹಾಕಿದ ಮೇಲೆ ಒಂದು ಸಲಾನೂ ಫ್ಯೂಸ್ ಹೋಗಿಲ್ಲ ಮೇಷ್ಟ್ರೇ.’ ಹೋಗುವುದೇ ಅದರ ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಫ್ಯೂಸಿನ ತಂತಿ ಕರಗದಿದ್ದರೆ ಅದರ ಬದಲು ಗೋಡೆಯೊಳಗಿನ, ಸೂರಿನ ತೊಲೆಗೆ ಮೊಳೆ ಹೊಡೆದು ಕೂರಿಸಿದ ತಂತಿ ಬಿಸಿಯೇರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಇಲಾಖೆಗಳ ಕೈಯಿಂದಲೇ ಆಗಬೇಕಾದ ಕೆಲಸ ಅರ್ತಿಂಗಿನದು. ನಮ್ಮದು ಒಣ ನೆಲ. ಚಾರ್ಕೋಲು, ಉಪ್ಪು ಹಾಕಿ ಪೈಪು ಹೂತ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ನೆಲದ ತಡೆ ಏರಿಬಿಡುತ್ತದೆ. ಅರ್ತಿನ ತಡೆ 50 ಓಂ ಇದೆಯೆಂದು ಇಟ್ಟುಕೊಳ್ಳಿ. ಫ್ರಿಜ್ಜಿನ ಮೈಗೆ ಫೇಸ್ ತಾಗಿದರೂ ನೆಲಕ್ಕೆ ಹರಿಯುವುದು 230ನ್ನು 50ರಿಂದ ಭಾಗಿಸಿದಷ್ಟು, ಅಂದರೆ 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್ಚು) ಅಷ್ಟಕ್ಕೆ ಜಪ್ಪಯ್ಯ ಎಂದರೂ ಬೀಳುವುದಿಲ್ಲ. ಫ್ರಿಜ್ಜಿನ ಮೈಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. ಹಳೆಯ ಮನೆಗಳಲ್ಲಿ ಅರ್ತು ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತುವ ರೂಢಿಯಿತ್ತು. ಆ ಪೈಪುಗಳು ಈಗ ಪ್ಲಾಸ್ಟಿಕ್ಕಾಗಿವೆ. ಪೈಪು ಬದಲಿಸಿದವರಿಗೆ ತಾವು ಮನೆಯ ಅರ್ತನ್ನು ಕತ್ತರಿಸಿದ್ದೇವೆಂಬ ಅರಿವೇ ಇಲ್ಲ, ಮೂರು ತೂತಿನ ಪ್ಲಗ್ಗುಗಳು ಗೋಡೆಯಲ್ಲಿ ಮೊದಲಿನಂತೆಯೇ ಕಾಣುತ್ತವೆ.

ಇದಕ್ಕಾಗಿಯೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವಿರುವುದು. ಹೋದ ಕರೆಂಟು ವಾಪಸು ಬರುವ ಕರೆಂಟಿಗೆ ಸಮನಾಗಿದೆಯೇ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರಿನಷ್ಟು ಬೇರೆ ದಾರಿಯಲ್ಲಿ, ಮನುಷ್ಯನ ಮೈಯೊಳಗಿಂದಲೇ ಆಗಲಿ, ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಮಾತ್ರ ಅದು ಉಳಿಸಲಾರದು. ಅದರ ಮೇಲಿನ ಸಣ್ಣ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಯಾವ ಪರ್ಮಿಟ್ಟೂ ಬೇಡದ ಕೆಲಸ. ಆದರೆ ವಾಸ್ತವವಾಗಿ ಆಗುತ್ತಿರುವುದು ಬೇರೆ. ಯುಪಿಎಸ್ ಕೂರಿಸಲು ಬಂದವರು ಎರಡು ಲೈನಿನ ನ್ಯೂಟ್ರಲ್ಲುಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತಾರೆ, ಲೆಕ್ಕ ತಪ್ಪಿ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ, ಆಗ ‘ಇದೊಂದು ಕಾಟ’ ಎಂದು ಅದನ್ನು ಕಿತ್ತು ತಂತಿಗಳನ್ನು ನೇರ ಮಾಡುತ್ತಾರೆ. ಹೀಗೆ ಕಿತ್ತವರಲ್ಲಿ ನನ್ನ ಬಳಿ ಕಲಿತವರೂ ಇದ್ದಾರೆ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ತಂದಾಗ ಬೆಂಗಳೂರಿನ ಬೀದಿಗಳಿಗೆ ಅದಿನ್ನೂ ಬಂದಿರಲಿಲ್ಲ. ಅಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರಲ್ಲಿ. ಅಷ್ಟು ಮೊದಲು ಕರೆಂಟು ಕಂಡ ಜಿಲ್ಲೆಯ ಹಳ್ಳಿಗಳ ಬಡವರ ಮನೆಗೆ ಅದು ಬಂದದ್ದು ಮಾತ್ರ ಬಹಳ ತಡವಾಗಿ, ಭಾಗ್ಯಜ್ಯೋತಿಯ ಒಂದೇ ಒಂದು ದೀಪವಾಗಿ. ಆ ಒಂದು ದೀಪಕ್ಕೆ ಎಳೆದ ತಂತಿಯ ಮೇಲೇ ಆಮೇಲೆ ಟಿವಿ ಬಂತು, ಮಿಕ್ಸಿ ಬಂತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಹೆದರಿಕೆ ತಗ್ಗಿ ಫ್ರಿಜ್ಜೂ ಕಾಯಿಲ್ಲೂ ಬಂದಿವೆ. ಬಡವರ ಮನೆಗೆ ಇವು ಬಂದದ್ದು ಸಂತೋಷವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ತಂತಿ ಮಾತ್ರ ಹಳೆಯದೇ ಉಳಿಯಿತು. ಯೂನಿಟ್ಟಿನ ಲೆಕ್ಕ ತೆಗೆದುಕೊಳ್ಳಲು ತಿಂಗಳು ತಿಂಗಳೂ ಮನೆಬಾಗಿಲಿಗೆ ಬರುವ ವ್ಯವಸ್ಥೆಗೆ ಆ ತಂತಿಯನ್ನು ನೋಡಲು ವರ್ಷಕ್ಕೊಮ್ಮೆಯಾದರೂ ಬರುವ ದಾರಿ ಇರಬೇಕೆಂಬುದು ನನ್ನ ಕೋರಿಕೆ.

ಆದ್ದರಿಂದ ಪರಿವೀಕ್ಷಣಾಲಯದವರಲ್ಲಿ ನನ್ನ ಮೊದಲ ಮನವಿ: ಮೇಲೆ ಹೇಳಿದ ವಿನಾಯಿತಿಯ ಗೆರೆಯನ್ನು ಸರಳ ಕನ್ನಡದಲ್ಲಿ, ಚಿತ್ರಗಳ ಸಹಿತ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ. ನಮ್ಮ ಗಡಿ ಊರುಗಳಲ್ಲಿ ತೆಲುಗು ಮಾತಾಡುವವರು ಬಹಳ, ಚಿತ್ರವಿದ್ದರೆ ಅವರಿಗೂ ತಲುಪುತ್ತದೆ. ಆ ಹಾಳೆಯಲ್ಲಿ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಹಿಡಿದಿರುವ ಕಬ್ಬಿಣದ ತಂತಿಗೆ ಅಥವಾ ಕೊಂಡಿಗೆ ಬಟ್ಟೆ ಒಣಹಾಕುವ ತಂತಿಯನ್ನು ಕಟ್ಟಬಾರದೆಂಬ ಚಿತ್ರ ತಪ್ಪದೆ ಇರಲಿ. ವೈರು ಸವೆದು ಆ ತಂತಿಗೆ ಕರೆಂಟು ಇಳಿದರೆ ಒದ್ದೆ ಬಟ್ಟೆ ಹರವಲು ಬಂದ ಹೆಂಗಸರು ಅದನ್ನು ಹಿಡಿದಲ್ಲಿಂದ ಬಿಡಿಸಿಕೊಳ್ಳಲಾರರು. ಸರಬರಾಜು ಕಂಪನಿಯವರು ಆ ಹಾಳೆಯನ್ನು ಬಿಲ್ಲಿನ ಜೊತೆ ಕೊಡಬಹುದು. ಮೀಟರು, ಅದರ ಸೀಲು, ಕಂಬದಿಂದ ಬರುವ ತಂತಿ ಇವು ಕಂಪನಿಯವರ ಕೈಗೆ ಬಿಟ್ಟದ್ದು, ಸಹಾಯವಾಣಿ 1912ಕ್ಕೆ ಫೋನು ಮಾಡಿ ಕಾಯಬೇಕು ಎಂಬುದೂ ಅದರಲ್ಲಿರಲಿ. ಪರವಾನಗಿ ಇರುವ ಗುತ್ತಿಗೆದಾರರ, ವೈರ್‌ಮನ್‌ಗಳ ಪಟ್ಟಿಯನ್ನು ತಾಲ್ಲೂಕುವಾರು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ಗೆರೆಯ ಆಚೆಗಿನ ಕೆಲಸಕ್ಕೆ ಯಾರನ್ನು ಕರೆಯಬೇಕೆಂಬುದು ಜನರಿಗೆ ತಿಳಿಯುತ್ತದೆ. ಈಗ ಪೇಂಟು ಹೊಡೆಯುವವರೂ ನಲ್ಲಿ ಕೂರಿಸುವವರೂ ‘ಕರೆಂಟ್ ಕೆಲಸಾನೂ ಮಾಡ್ತೀನಿ’ ಎಂದು ಬರುತ್ತಾರೆ.

ಇನ್ನು ಪಂಚಾಯಿತಿಗಳಲ್ಲಿ ಕೇಳಿಕೊಳ್ಳುವುದು ವರ್ಷಕ್ಕೆ ಒಂದು ದಿನ. ಅದನ್ನು ಬೇಸಿಗೆಯಲ್ಲಿ, ನೆಲ ಒಣಗಿದ್ದಾಗಲೇ ಇಡಬೇಕು; ಮಳೆ ಬಿದ್ದ ಮೇಲೆ ಅರ್ತು ಅಳೆದರೆ ಎಲ್ಲರ ಮನೆಯದೂ ಪಾಸಾಗುತ್ತದೆ. ಹತ್ತಿರದ ಐಟಿಐಯಲ್ಲಿ ಅರ್ತ್ ಟೆಸ್ಟರೂ, ತಂತಿಯ ಸಿಪ್ಪೆ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರೂ ಇರುತ್ತವೆ. ಹುಡುಗರಿಗೂ ನಿಜವಾದ ಮನೆಗಳನ್ನು ನೋಡಿದಂತಾಗುತ್ತದೆ. ಬೋಧಕರ ಜೊತೆ ಅವರು ಬೆಳಿಗ್ಗೆ ಮನೆ ಮನೆಗೆ ಹೋಗಿ ಅರ್ತು ಅಳೆದು ಚೀಟಿ ಬರೆದುಕೊಡಲಿ, ಮಧ್ಯಾಹ್ನ ಪಂಚಾಯಿತಿ ಅಂಗಳದಲ್ಲಿ ಸ್ವಿಚ್ಚು, ಹೋಲ್ಡರು ಬದಲಿಸುವುದನ್ನು ಹಲಗೆಯ ಮೇಲೆ ಕರೆಂಟಿಲ್ಲದೆಯೇ ಮಾಡಿಸಲಿ: ತಂತಿಯ ಸಿಪ್ಪೆಯನ್ನು ಎಷ್ಟು ಸುಲಿಯಬೇಕು, ಎಳೆ ಕತ್ತರಿಸಿಹೋಗದಂತೆ ಹೇಗೆ ಸುಲಿಯಬೇಕು, ಸ್ಕ್ರೂ ಬಿಗಿದ ಮೇಲೆ ತಂತಿಯನ್ನು ಜಗ್ಗಿ ಹೇಗೆ ನೋಡಬೇಕು. ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹಗಲೆಲ್ಲ ಮನೆಯಲ್ಲಿದ್ದು ಪ್ಲಗ್ಗಿನ ಸುತ್ತ ಬಣ್ಣ ಬದಲಾದದ್ದನ್ನು ಮೊದಲು ಕಾಣುವವರು ಅವರೇ.

ಇಂಥ ಒಂದು ದಿನವನ್ನು ನಮ್ಮ ಪಂಚಾಯಿತಿಯಲ್ಲೇ ಮೊದಲು ನಡೆಸಲು ಒಪ್ಪಿದರೆ ಹಲಗೆ, ಹಳೆಯ ಸ್ವಿಚ್ಚುಗಳು, ಒಂದು ಡಜನ್ ಟೆಸ್ಟರು ತರುವ ಹೊಣೆ ನನ್ನದು. ಮೊಣಕೈಗೆ ಕಟ್ಟಿದ್ದ ಬ್ಯಾಂಡೇಜು ಬಿಚ್ಚಿದ ಮೇಲೆ ಆ ಹುಡುಗನೂ ಜೊತೆಗೆ ಬರುತ್ತೇನೆಂದಿದ್ದಾನೆ. ಪಂಚಾಯಿತಿಯವರು ಕೊಡಬೇಕಾದದ್ದು ನೆರಳು ಮತ್ತು ಮೈಕಿಗೆ ಒಂದು ಪ್ಲಗ್ ಪಾಯಿಂಟು. ಆ ಪಾಯಿಂಟಿನ ಅರ್ತನ್ನು ಹಿಂದಿನ ದಿನವೇ ಬಂದು ಅಳೆದುಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ